ಸೋತದ್ದೋ, ಸೋಲಿಸಿದ್ದೋ?

2025ರ ಡಿಸೆಂಬರ್ 14, ಭಾನುವಾರ. ತಿಂಡಿ ಮುಗಿಸಿ ಪತ್ರಿಕೆ ಬಿಡಿಸಿ ಕುಳಿತಿದ್ದೆ. ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂತು. ಹಬ್ಬಹರಿದಿನಗಳಲ್ಲಿ ತಪ್ಪದೆ ಮಾತನಾಡಿಸುವ ಹುಡುಗ. ಹುಡುಗನೆಂದರೆ ನನ್ನ ಲೆಕ್ಕದಲ್ಲಿ; ಅವನಿಗೀಗ ನಲವತ್ತೈದು, ಮಗಳು ಕಾಲೇಜಿನಲ್ಲಿದ್ದಾಳೆ.

“ಸಾರ್, ಸೋಲಿಸಿಬಿಟ್ಟರು ಸಾರ್” ಎಂದ. ದನಿ ಕುಗ್ಗಿತ್ತು.

ಯಾವುದೋ ಚುನಾವಣೆಯ ವಿಷಯವೆಂದುಕೊಂಡು “ಯಾರನ್ನಪ್ಪಾ?” ಎಂದೆ.

“ಜಾನ್ ಸೀನಾನ್ನ ಸಾರ್. ಕೊನೇ ಮ್ಯಾಚು. ಕೈ ತಟ್ಟಿಸಿಬಿಟ್ಟರು.”

ವಿವರ ಆಮೇಲೆ ತಿಳಿಯಿತು. ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೆರೆದ ಜಾನ್ ಸೀನಾ, ಹಿಂದಿನ ರಾತ್ರಿ ವಾಷಿಂಗ್ಟನ್ ನಗರದಲ್ಲಿ ತನ್ನ ಕಟ್ಟಕಡೆಯ ಪಂದ್ಯವನ್ನು ಆಡಿದ್ದ. ಗುಂಥರ್ ಎಂಬ ಆಸ್ಟ್ರಿಯಾ ದೇಶದ ಮಲ್ಲನ ಹಿಡಿತದಲ್ಲಿ ಸಿಲುಕಿ, ಕೈ ತಟ್ಟಿ ಸೋಲನ್ನು ಒಪ್ಪಿಕೊಂಡಿದ್ದ. ನೆರೆದಿದ್ದ ಜನ ಸಂಘಟಕರನ್ನು ಕೂಗಿ ಅಣಕಿಸಿದರಂತೆ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ನನಗೆ ಅವನ ಕ್ರಿಯಾಪದವೇ ಕಿವಿಯಲ್ಲಿ ಉಳಿಯಿತು. ಸೀನಾ ‘ಸೋತ’ ಎನ್ನಲಿಲ್ಲ. ಗುಂಥರ್ ‘ಸೋಲಿಸಿದ’ ಎಂದೂ ಅನ್ನಲಿಲ್ಲ. ‘ಸೋಲಿಸಿಬಿಟ್ಟರು’ ಎಂದ. ಆ ಬಹುವಚನ ಗೌರವಸೂಚಕವಲ್ಲ. ಅಖಾಡದ ಹಿಂದೆ ಕುಳಿತು ಸೋಲುಗೆಲುವನ್ನು ಬರೆಯುವವರನ್ನು ಕುರಿತದ್ದು. ಅಂದರೆ ಇದು ಮೊದಲೇ ತೀರ್ಮಾನವಾಗಿದ್ದ ಪಂದ್ಯವೆಂಬುದನ್ನು ಅವನು ಚೆನ್ನಾಗಿ ಬಲ್ಲ. ಬಲ್ಲವನಾಗಿಯೂ ಅವನಿಗೆ ನಿಜವಾಗಿಯೇ ದುಃಖವಾಗಿತ್ತು.

ಈ ಹುಡುಗನಿಗೆ ನಾನು ಒಂದು ಉತ್ತರವನ್ನು ಬಾಕಿ ಉಳಿಸಿಕೊಂಡಿದ್ದೇನೆ. ಅದು 1994ರ ಬಾಕಿ.

ಆಗ ನಾನು ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿದ್ದೆ. ಊರಿಗೆ ಕೇಬಲ್ ಟಿ.ವಿ. ಬಂದು ಒಂದೆರಡು ವರ್ಷವಾಗಿತ್ತು. ಅದರ ಹಿಂದೆಯೇ ಹುಡುಗರ ಜೇಬುಗಳಿಗೆ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡುಗಳು ಬಂದವು. ಆ ವಯಸ್ಸಿನವರಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಒಂದೊಂದು ಎಲೆಯ ಮೇಲೂ ಒಬ್ಬ ದೈತ್ಯನ ಚಿತ್ರ. ಕೆಳಗೆ ಅವನ ಸ್ಥಾನ, ಎತ್ತರ, ತೂಕ, ಎದೆಯಳತೆ, ತೋಳಿನ ಅಳತೆ, ಹೋರಾಡಿದ ಪಂದ್ಯಗಳೆಷ್ಟು, ಗೆದ್ದವೆಷ್ಟು ಎಂಬ ಅಂಕಿಗಳು. ಮೌರ್ಯರ ವಂಶಾವಳಿಯಲ್ಲಿ ಮೂರು ಹೆಸರನ್ನು ನೆನಪಿಡಲಾರದ ಹುಡುಗರು ಮೂವತ್ತು ಮಲ್ಲರ ತೂಕವನ್ನು ಪೌಂಡುಗಳಲ್ಲಿ ಹೇಳುತ್ತಿದ್ದರು.

ಆ ವರ್ಷದ ದೊಡ್ಡ ಚರ್ಚೆ ಅಂಡರ್‌ಟೇಕರನದು. ಜನವರಿಯಲ್ಲಿ ಅವನನ್ನು ಹತ್ತಾರು ಜನ ಸೇರಿ ಶವಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದ್ದರು. ಆಗಸ್ಟಿನಲ್ಲಿ ಅವನು ಮರಳಿ ಬಂದಿದ್ದ. ಅವನಿಗೆ ಏಳು ಜೀವಗಳೆಂದು ಒಂದು ಪಂಗಡ, ಬಂದವನು ಬೇರೆಯವನೆಂದು ಇನ್ನೊಂದು. ಒಂಬತ್ತನೆಯ ತರಗತಿಯಲ್ಲಿ ಪಾಠದ ನಡುವೆಯೇ ಈ ಜಗಳ ಹತ್ತಿತು. ನಾನು ಕಾರ್ಡುಗಳ ಕಟ್ಟನ್ನು ಕಿತ್ತುಕೊಂಡೆ. ಅಷ್ಟಕ್ಕೆ ಸುಮ್ಮನಿರದೆ, “ಇದೆಲ್ಲ ನಾಟಕ ಕಣ್ರೋ, ಯಾರು ಬೀಳಬೇಕು ಅಂತ ಮೊದಲೇ ಮಾತಾಡಿಕೊಂಡಿರ್ತಾರೆ” ಎಂದುಬಿಟ್ಟೆ. ಕೆಲವರು ನಕ್ಕರು. ಕಾರ್ಡುಗಳ ಒಡೆಯ ಮಾತ್ರ ಎದ್ದು ನಿಂತು, “ಹಂಗಾದ್ರೆ ಇದರಲ್ಲಿ ಬರೆದಿರೋ ಗೆದ್ದಿದ್ದು, ಸೋತಿದ್ದು ಎಲ್ಲಾ ಸುಳ್ಳಾ ಸಾರ್?” ಎಂದು ಕೇಳಿದ. ನಾನು “ಕೂತ್ಕೋ” ಎಂದೆ. ಅವನ ಕಣ್ಣು ತುಂಬಿತ್ತು. ಕಟ್ಟನ್ನು ಹಿಂದಿರುಗಿಸಿದ್ದು ವಾರ್ಷಿಕ ಪರೀಕ್ಷೆಯ ನಂತರ.

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. 1989ರಲ್ಲಿಯೇ ಆ ಕಂಪನಿಯವರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ, ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಾವಾಗಿಯೇ ಒಪ್ಪಿಕೊಂಡಿದ್ದರು. ಸತ್ಯನಿಷ್ಠೆಯಿಂದಲ್ಲ, ಕ್ರೀಡೆಗಳ ಮೇಲಿನ ಸರ್ಕಾರಿ ಕಟ್ಟಳೆ ಮತ್ತು ತೆರಿಗೆಗಳಿಂದ ಪಾರಾಗಲು. ಆದರೆ ಸರಿಯಾದ ಮಾತು ಸಾಕಾದ ಉತ್ತರವಲ್ಲವೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ, ಜಿಬಿಸ್ಕೊ ಎಂಬ ಮಲ್ಲನ ಚರಿತ್ರೆಯನ್ನು ಓದಿದಾಗ.

ಜಿಬಿಸ್ಕೊ ಹೆಸರನ್ನು ಮೊದಲು ಕೇಳಿದ್ದು ನಮ್ಮ ತಂದೆಯವರ ಬಾಯಲ್ಲಿ. ನನ್ನ ಬಾಲ್ಯದಲ್ಲಿ, ಅಂದರೆ ಅರವತ್ತರ ದಶಕದ ಕೊನೆಯಲ್ಲಿ, ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಕುಸ್ತಿಯ ಮಾತು ಏಳುತ್ತಿತ್ತು. ಎದುರುಮನೆಯ ಹಿರಿಯರೊಬ್ಬರು ದಾರಾಸಿಂಗ್ ಮತ್ತು ಕಿಂಗ್ ಕಾಂಗರ ಅಭಿಮಾನಿ. ಹಂಗೇರಿ ಮೂಲದ ಎಮಿಲ್ ಚಾಯಾ ಎಂಬ ಆ ಭಾರೀ ಆಳನ್ನು ದಾರಾಸಿಂಗ್ ಎತ್ತಿ ಗಿರಗಿರನೆ ತಿರುಗಿಸಿದ್ದನ್ನು ಅವರು ಕಣ್ಣಾರೆ ಕಂಡವರಂತೆ ವರ್ಣಿಸುತ್ತಿದ್ದರು. ದಸರಾ ಕುಸ್ತಿಗಳನ್ನು ಮಟ್ಟಿಯ ಅಂಚಿನಲ್ಲಿ ಕುಳಿತು ನೋಡಿ ಬೆಳೆದ ತಂದೆಯವರಿಗೆ ಇದು ಸಹಿಸದು. “ಅದು ಟಿಕೆಟ್ಟಿನ ಕುಸ್ತಿ ಕಣಯ್ಯಾ. ಕುಸ್ತಿ ಅಂದರೆ ಗಾಮಾ. ಜಿಬಿಸ್ಕೊನ ಪಟಿಯಾಲದಲ್ಲಿ ಒಂದು ನಿಮಿಷದೊಳಗೆ ಚಿತ್ ಮಾಡಿದನಲ್ಲ, ಅದು!” ಎನ್ನುತ್ತಿದ್ದರು. ಗಾಮಾ ಸತ್ಯ, ದಾರಾಸಿಂಗ್ ನಾಟಕ. ತಂದೆಯವರ ಲೆಕ್ಕ ಇಷ್ಟು ಸರಳ. ನಾನು ತರಗತಿಯಲ್ಲಿ ಹೇಳಿದ್ದೂ ಅದೇ ಲೆಕ್ಕವನ್ನೇ. ಆದರೆ ಗಾಮಾನ ಎದುರಾಳಿಯೇ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಸ್ಟಾನಿಸ್ಲಾಸ್ ಜಿಬಿಸ್ಕೊ ಪೋಲೆಂಡಿನವನು. ನಿಜವಾದ ಹೆಸರು ಸಿಗಾನಿಯೆವಿಚ್. ಕುಳ್ಳನೆಯ, ಪೀಪಾಯಿಯಂತಹ ಮೈಕಟ್ಟು. 1910ರ ಜೂನ್ 1ರಂದು ಷಿಕಾಗೊದಲ್ಲಿ ಅವನು ಅಮೆರಿಕದ ಫ್ರಾಂಕ್ ಗಾಚ್‌ನೊಡನೆ ವಿಶ್ವ ಪ್ರಶಸ್ತಿಗಾಗಿ ಸೆಣಸಿದ. ಪಂದ್ಯದ ಆರಂಭಕ್ಕೆ ಕೈಕುಲುಕುವ ವಾಡಿಕೆಯಂತೆ ಜಿಬಿಸ್ಕೊ ಕೈ ಚಾಚಿದ. ಗಾಚ್ ಆ ಕೈಯನ್ನು ಹಿಡಿಯದೆ ಕಾಲಿಗೆ ನುಗ್ಗಿ, ಕೆಡವಿ, ಆರೇಳು ಸೆಕೆಂಡುಗಳಲ್ಲಿ ಭುಜಗಳನ್ನು ನೆಲಕ್ಕೆ ಮುಟ್ಟಿಸಿದ. ಎರಡನೆಯ ಸುತ್ತು ಅರ್ಧ ಗಂಟೆಯ ಹತ್ತಿರ ನಡೆದು, ಅದನ್ನೂ ಗಾಚನೇ ಗೆದ್ದ. ಆ ಮೊದಲ ಸುತ್ತು ಧರ್ಮವೋ ಅಧರ್ಮವೋ ಎಂದು ಕುಸ್ತಿಪ್ರಿಯರು ಇಂದಿಗೂ ವಾದಿಸುತ್ತಾರೆ.

ಮೂರು ತಿಂಗಳು ಕಳೆದು ಸೆಪ್ಟೆಂಬರ್ 10ರಂದು ಅದೇ ಜಿಬಿಸ್ಕೊ ಲಂಡನ್ನಿನ ಶೆಪರ್ಡ್ಸ್ ಬುಷ್ ಕ್ರೀಡಾಂಗಣದಲ್ಲಿ ನಮ್ಮ ಗಾಮಾನ ಎದುರು ನಿಂತಿದ್ದ. ಗಾಮಾ, ಅಂದರೆ ಗುಲಾಂ ಮೊಹಮ್ಮದ್ ಬಕ್ಷ್, ಆ ವರ್ಷ ತಮ್ಮ ಇಮಾಂ ಬಕ್ಷನೊಡನೆ ಇಂಗ್ಲೆಂಡಿಗೆ ಹೋಗಿದ್ದ. ಎತ್ತರ ಐದೂ ಮುಕ್ಕಾಲು ಅಡಿಯೊಳಗೆ, ತೂಕ ಸುಮಾರು ತೊಂಬತ್ತು ಕಿಲೊ. ಅಲ್ಲಿನವರು ಮೊದಲು ಈ ಆಳನ್ನು ಲೆಕ್ಕಕ್ಕೇ ಇಡಲಿಲ್ಲ. ಆಗಸ್ಟಿನಲ್ಲಿ ರೋಲರ್ ಎಂಬ ಅಮೆರಿಕದ ವೈದ್ಯ-ಮಲ್ಲನನ್ನು ಕೆಡವಿದ ಮೇಲೆ ಎಣಿಸತೊಡಗಿದರು. ಜಿಬಿಸ್ಕೊ ಜೊತೆಗಿನ ಪಂದ್ಯಕ್ಕೆ 250 ಪೌಂಡ್ ಹಣ ಮತ್ತು ‘ಜಾನ್ ಬುಲ್’ ಪಟ್ಟಿಯನ್ನು ಪಣವಿಟ್ಟಿದ್ದರು.

ಗಾಮಾ ಬೇಗನೆ ಅವನನ್ನು ನೆಲಕ್ಕೆ ತಂದ. ಅಲ್ಲಿಂದ ಮುಂದೆ ನಡೆದದ್ದು ವಿಚಿತ್ರ. ಜಿಬಿಸ್ಕೊ ಹೊಟ್ಟೆಯನ್ನು ಚಾಪೆಗೆ ಒತ್ತಿ, ಮಂಡಿ-ಮೊಣಕೈಗಳನ್ನು ಊರಿ ಕಚ್ಚಿಕೊಂಡುಬಿಟ್ಟ. ಎರಡೂವರೆ ಗಂಟೆಗೂ ಹೆಚ್ಚು ಕಾಲ! ಗಾಮಾ ಎಳೆದ, ಹೊರಳಿಸಿದ, ಎತ್ತಲು ನೋಡಿದ; ಬಂಡೆ ಅಲುಗಲಿಲ್ಲ. ‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂದು ನಾವು ಹಾಸ್ಯ ಮಾಡುತ್ತೇವೆ. ಕುಸ್ತಿಯಲ್ಲಿ ಮೀಸೆ ಮಣ್ಣಾದರೆ ಬಾಧಕವಿಲ್ಲ, ಬೆನ್ನು ಮಣ್ಣಾಗಬಾರದು. ಜಿಬಿಸ್ಕೊ ಆ ಗಾದೆಯನ್ನು ತಿರುಗಿಸಿ ಆಚರಿಸಿದ. ಜನ ಬೇಸತ್ತರು. ಪಂದ್ಯವನ್ನು ಸಮವೆಂದು ನಿಲ್ಲಿಸಿ, 17ಕ್ಕೆ ಮತ್ತೆ ನಿಗದಿ ಮಾಡಿದರು. ಆ ದಿನ ಜಿಬಿಸ್ಕೊ ಬರಲೇ ಇಲ್ಲ. ಹಣವೂ ಪಟ್ಟಿಯೂ ಗಾಮಾನಿಗೆ ಸಂದವು.

ಹೇಡಿ ಎಂದು ತಂದೆಯವರು ನಗುತ್ತಿದ್ದರು. ಷಿಕಾಗೊದ ಕಥೆ ಅವರಿಗೆ ತಿಳಿದಿರಲಿಲ್ಲ. ಕೈ ಚಾಚಿ ಆರು ಸೆಕೆಂಡಿನಲ್ಲಿ ಬಿದ್ದವನು ಮೂರು ತಿಂಗಳ ನಂತರ ಯಾರಿಗೂ ಯಾವ ಅಂಗವನ್ನೂ ಚಾಚದೆ ನೆಲ ಕಚ್ಚಿದನೆಂದು ನಾನು ಊಹಿಸುತ್ತೇನೆ. ಬೇಸರದ ಪಂದ್ಯವೇ ಸರಿ, ಆದರೆ ನಾಟಕವಲ್ಲ. ನಾಟಕವಾಗಿದ್ದರೆ ಇಷ್ಟು ನೀರಸವಾಗಿ ಯಾರೂ ಬರೆಯುತ್ತಿರಲಿಲ್ಲ.

ಇನ್ನು 1925ಕ್ಕೆ ಬರೋಣ. ಆ ವೇಳೆಗೆ ಅಮೆರಿಕದ ಕುಸ್ತಿ ಬದಲಾಗಿತ್ತು. ಗಂಟೆಗಟ್ಟಲೆ ನೆಲದಲ್ಲಿ ಹೊರಳುವುದನ್ನು ನೋಡಲು ಜನ ದುಡ್ಡು ಕೊಡುವುದಿಲ್ಲವೆಂದು ಸಂಘಟಕರು ಕಂಡುಕೊಂಡಿದ್ದರು. ಎಡ್ ಲೂಯಿಸ್ ಎಂಬ ಮಹಾಮಲ್ಲ, ಅವನ ವ್ಯವಸ್ಥಾಪಕ ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಇನ್ನೊಬ್ಬ, ಈ ಮೂವರು ಸೇರಿ ಕುಸ್ತಿಯನ್ನು ಕಾಲಮಿತಿಯ, ಆರ್ಭಟದ, ಫಲಿತಾಂಶ ಮೊದಲೇ ಗೊತ್ತಾದ ಪ್ರದರ್ಶನವನ್ನಾಗಿ ತಿದ್ದಿದ್ದರು. ಜನರನ್ನು ಸೆಳೆಯಲು ವೇಯ್ನ್ ಮನ್ ಎಂಬ ಆರೂವರೆ ಅಡಿಯ ಫುಟ್‌ಬಾಲ್ ಆಟಗಾರನನ್ನು ತಂದರು. ನೋಡಲು ಭೀಮ, ಕುಸ್ತಿ ಬಾರದು. 1925ರ ಜನವರಿಯಲ್ಲಿ ಲೂಯಿಸ್ ಒಪ್ಪಂದದಂತೆ ಅವನಿಗೆ ಸೋತು ವಿಶ್ವಪಟ್ಟವನ್ನು ಬಿಟ್ಟುಕೊಟ್ಟ. ಮನ್ ಊರೂರು ತಿರುಗಿ ‘ಗೆಲ್ಲುತ್ತಾ’ ಹೋಗಬೇಕು, ಜನ ಸೇರಬೇಕು, ಕೊನೆಗೆ ಲೂಯಿಸನೇ ಪಟ್ಟವನ್ನು ಹಿಂಪಡೆಯಬೇಕು. ಇದು ಯೋಜನೆ.

ಹೀಗೆ ಸೋಲಲು ಗೊತ್ತು ಮಾಡಿದವರಲ್ಲಿ ಜಿಬಿಸ್ಕೊ ಒಬ್ಬ. ನಲವತ್ತೈದು ದಾಟಿದ ಮುದುಕ, ಒಮ್ಮೆ ಹೇಳಿದಂತೆ ಬಿದ್ದೂ ಇದ್ದ, ಇವನಿಂದೇನು ಭಯ? ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಮತ್ತೆ ಜೋಡಿ ಕಟ್ಟಿದರು. ಗಂಟೆ ಹೊಡೆದದ್ದೇ ತಡ, ಜಿಬಿಸ್ಕೊ ನಿಜವಾಗಿ ಕುಸ್ತಿ ಮಾಡತೊಡಗಿದ. ಆ ಭೀಮಕಾಯನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿ ಭುಜಗಳನ್ನು ಒತ್ತಿ ಹಿಡಿದ. ಸಾವಿರಾರು ಜನ ನೋಡುತ್ತಿರುವಾಗ ತೀರ್ಪುಗಾರ ಎಷ್ಟು ಸಲ ಕಣ್ಣು ಮುಚ್ಚಬಲ್ಲ? ಪಟ್ಟ ಜಿಬಿಸ್ಕೊನ ಪಾಲಾಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ಇದೇ ಸಂಗತಿ. ಆ ರಾತ್ರಿ ಫಿಲಡೆಲ್ಫಿಯಾದಲ್ಲಿ ನಡೆದದ್ದು ಅಪ್ಪಟ ಕುಸ್ತಿ. ಬಲ್ಲವನು ಬಾರದವನನ್ನು ಕೆಡವಿದ. ಆದರೆ ಆ ವೃತ್ತಿಯ ಚರಿತ್ರೆಯಲ್ಲಿ ಅದಕ್ಕಿರುವ ಹೆಸರು ದ್ರೋಹ. ಎದುರು ಪಾಳೆಯದ ಜೋ ಸ್ಟೆಕರ್ ಕಡೆಯವರೊಡನೆ ಜಿಬಿಸ್ಕೊ ಒಳಗೊಳಗೆ ಮಾತಾಡಿಕೊಂಡಿದ್ದ. ಆರು ವಾರಗಳ ನಂತರ, ಮೇ 30ರಂದು, ಸೇಂಟ್ ಲೂಯಿಸ್‌ನಲ್ಲಿ ಸ್ಟೆಕರನಿಗೆ ಒಪ್ಪಂದದಂತೆ ಪಟ್ಟವನ್ನು ಸೋತ. ನಿಜವಾಗಿ ಹೋರಾಡಿದ್ದೇ ವಂಚನೆ, ಸುಳ್ಳಾಗಿ ಬಿದ್ದದ್ದೇ ಮಾತು ಉಳಿಸಿಕೊಂಡಂತೆ! ಒಳ ಒಪ್ಪಂದದ ಕುಸ್ತಿಗೆ ಪಂಜಾಬಿನ ಕಡೆ ‘ನೂರಾ ಕುಸ್ತಿ’ ಎನ್ನುತ್ತಾರೆ. ನೂರಾ ಕುಸ್ತಿಯೊಳಗಿನಿಂದ ನಿಜ ಕುಸ್ತಿ ಎದ್ದು ಬಂದರೆ ಅದಕ್ಕೇನು ಹೆಸರು? ಅಂದು ತರಗತಿಯಲ್ಲಿ ಎದ್ದು ನಿಂತವನು ಕೇಳಿದ ಪ್ರಶ್ನೆ ಇದರ ಪಕ್ಕದ್ದೇ.

ಅಲ್ಲಿಂದ ಮೂರು ವರ್ಷ ಕಳೆಯುವುದರೊಳಗೆ, 1928ರ ಜನವರಿಯಲ್ಲಿ, ಜಿಬಿಸ್ಕೊ ಪಟಿಯಾಲಕ್ಕೆ ಬಂದ. ಮಹಾರಾಜ ಭೂಪಿಂದರ್ ಸಿಂಗರ ಏರ್ಪಾಟು. ಹತ್ತಾರು ಸಾವಿರ ಜನ. ಈ ಸಲ ಕಚ್ಚಿಕೊಳ್ಳಲು ಲಂಡನ್ನಿನ ಚಾಪೆಯಿಲ್ಲ, ನಮ್ಮ ಮಣ್ಣಿನ ಅಖಾಡ. ಇಬ್ಬರಿಗೂ ಐವತ್ತರ ಆಸುಪಾಸು. ತಂದೆಯವರು ಹೇಳುತ್ತಿದ್ದುದು ಅತಿಶಯವಲ್ಲ, ಒಂದು ನಿಮಿಷ ತುಂಬುವುದರೊಳಗೆ ಗಾಮಾ ಅವನನ್ನು ಚಿತ್ ಮಾಡಿದ. ಹದಿನೆಂಟು ವರ್ಷದ ಹಗೆ ಅಷ್ಟು ಹೊತ್ತಿನಲ್ಲಿ ತೀರಿತು. ಸಮುದ್ರ ದಾಟಿ ಸೋಲಿಗೆ ಮೈಯೊಡ್ಡಲು ಬಂದದ್ದಕ್ಕಾಗಿ, ಲಂಡನ್ನಿನಲ್ಲಿ ತಪ್ಪಿಸಿಕೊಂಡ ಆ ಮನುಷ್ಯನ ಮೇಲೆ ನನಗೆ ಒಂದಿಷ್ಟು ಗೌರವವೇ ಇದೆ.

ಗಾಮಾ ಸೋಲನ್ನು ಕಾಣದೆಯೇ ಉಳಿದ. 1929ರಲ್ಲಿ ಪೀಟರ್‌ಸನ್ ಎಂಬವನನ್ನು ಕೆಡವಿದ ಮೇಲೆ ಹೆಸರಿಸಬಹುದಾದ ಎದುರಾಳಿಯೇ ಅವನಿಗೆ ದೊರೆಯಲಿಲ್ಲ. ದೇಶವಿಭಜನೆಯ ನಂತರ ಲಾಹೋರಿನಲ್ಲಿ ನೆಲೆಸಿ 1960ರ ಮೇ 23ರಂದು ತೀರಿಕೊಂಡ.

ಅವನ ಮನೆತನದ ಮುಂದಿನವರು ಟಿಕೆಟ್ಟಿನ ಕುಸ್ತಿಗೇ ಇಳಿದರೆಂಬುದು ತಂದೆಯವರಿಗೆ ತಿಳಿದಿದ್ದರೆ ನೊಂದುಕೊಳ್ಳುತ್ತಿದ್ದರೇನೋ. ಇಮಾಂ ಬಕ್ಷನ ಮಕ್ಕಳು ಭೋಲು ಸಹೋದರರೆಂದು ಪ್ರಸಿದ್ಧರು. ಅವರಲ್ಲೊಬ್ಬನಾದ ಅಕ್ರಂ, 1976ರ ಡಿಸೆಂಬರಿನಲ್ಲಿ ಕರಾಚಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಜಪಾನಿನ ಅಂಟೋನಿಯೊ ಇನೋಕಿಯನ್ನು ಎದುರಿಸಿದ. ಇನೋಕಿ ವೃತ್ತಿಪರ ಕುಸ್ತಿಯ ದೊಡ್ಡ ತಾರೆ. ಅದೇ ಜೂನಿನಲ್ಲಿ ಟೋಕಿಯೋದಲ್ಲಿ ಮುಷ್ಟಿಮಲ್ಲ ಮೊಹಮ್ಮದ್ ಅಲಿಯ ಎದುರು ಹದಿನೈದು ಸುತ್ತು ಆಡಿ, ಬಹುಪಾಲು ಹೊತ್ತು ಅಂಗಾತ ಮಲಗಿ ಅಲಿಯ ಕಾಲುಗಳಿಗೆ ಒದ್ದಿದ್ದವನು. ಕರಾಚಿಯಲ್ಲಿ ಪಂದ್ಯ ಪ್ರದರ್ಶನವಾಗಿ ಉಳಿಯಲಿಲ್ಲ, ನಿಜವಾದ ಕಾದಾಟಕ್ಕೆ ತಿರುಗಿತು. ಇನೋಕಿ ಅಕ್ರಂನ ತೋಳನ್ನು ತಿರುಚಿ ಹಿಡಿದ. ಅಕ್ರಂ ಸೋತೆನೆನ್ನಲಿಲ್ಲ. ತೋಳು ಮುರಿಯಿತು.

ಸೇಡಿಗೆಂದು ಆ ಮನೆತನದವರು ಜಾರಾ ಎಂಬ ಹುಡುಗನನ್ನು ತಯಾರು ಮಾಡಿದರು. ಅಕ್ರಂನ ಅಣ್ಣ ಅಸ್ಲಂನ ಮಗ. 1979ರ ಜೂನಿನಲ್ಲಿ ಲಾಹೋರಿನ ಕ್ರೀಡಾಂಗಣದಲ್ಲಿ ಇನೋಕಿಯ ಎದುರು ನಿಂತಾಗ ಅವನಿಗೆ ಹತ್ತೊಂಬತ್ತರ ಪ್ರಾಯ. ಐದು ಸುತ್ತುಗಳಾದವು, ಯಾರೂ ಚಿತ್ ಆಗಲಿಲ್ಲ. ಆಗ ಇನೋಕಿ ತಾನೇ ಹೋಗಿ ಆ ಹುಡುಗನ ಕೈಯನ್ನು ಮೇಲೆತ್ತಿ ಹಿಡಿದ. ಕ್ರೀಡಾಂಗಣ ಉಕ್ಕಿ ಹರಿಯಿತು. ಇನೋಕಿ ಸೋತನೆ? ಸೋಲನ್ನು ದಾನ ಮಾಡಿದನೆ? ನಾನಂತೂ ಇನೋಕಿ ತಿಳಿದೇ ಕೊಟ್ಟನೆಂಬ ಪಕ್ಷದವನು.

ಈಗ ಸೀನಾನ ವಿಷಯ. ಸರ್ಕಾರಿ ನೌಕರರಾದ ನಮ್ಮ ನಿವೃತ್ತಿಗೆ ಶಾಲು, ಹಾರ, ಫಲತಾಂಬೂಲ, ಅತಿಥಿಗಳ ಎರಡು ಸುಳ್ಳು ಹೊಗಳಿಕೆ. ಈ ವೃತ್ತಿಯ ಸಂಪ್ರದಾಯ ಬೇರೆ. ಅಲ್ಲಿ ಹೋಗುವವನು ಸೋತು ಹೋಗಬೇಕು. ತಾನು ಗಳಿಸಿದ ಹೆಸರನ್ನು ಉಳಿಯುವವನ ಲೆಕ್ಕಕ್ಕೆ ಜಮಾ ಮಾಡಿ ಹೋಗಬೇಕು. 2008ರಲ್ಲಿ ರಿಕ್ ಫ್ಲೇರ್, ಶಾನ್ ಮೈಕೆಲ್ಸ್‌ಗೆ ಸೋತು ವಿದಾಯ ಹೇಳಿದ. 2010ರಲ್ಲಿ ಮೈಕೆಲ್ಸ್, ಅಂಡರ್‌ಟೇಕರನಿಗೆ ಸೋತು ಹೊರನಡೆದ. ಫ್ಲೇರ್ ಆಮೇಲೆ ಮಾತು ಮರೆತು ಅಖಾಡಕ್ಕೆ ಮರಳಿ, 2022ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಮತ್ತೊಂದು ‘ಕೊನೆಯ ಪಂದ್ಯ’ ಆಡಿದ. ಮೈಕೆಲ್ಸ್ ಕೂಡ 2018ರಲ್ಲಿ ಒಮ್ಮೆ ಬಂದುಹೋದ. ಈ ವಿಷಯದಲ್ಲಿ ನಮ್ಮ ದಾರಾಸಿಂಗ್ ಮೇಲು. 1983ರಲ್ಲಿ ದೆಹಲಿಯಲ್ಲಿ ಪಂದ್ಯಾವಳಿ ನಡೆಸಿ ಕುಸ್ತಿಗೆ ವಿದಾಯ ಹೇಳಿದವರು ದೂರದರ್ಶನದ ರಾಮಾಯಣದ ಹನುಮಂತನಾಗಿ ಮನೆಮನೆಗೆ ಬಂದರು. 2012ರ ಜುಲೈ 12ರಂದು ಅವರು ತೀರಿಕೊಂಡಾಗ, ಎದುರುಮನೆಯ ಹಿರಿಯರು ಇರಬೇಕಾಗಿತ್ತು ಅನ್ನಿಸಿತು.

ಇವನ್ನೆಲ್ಲ ಆ ಭಾನುವಾರ ಫೋನಿನಲ್ಲಿ ಒಂದು ಗಂಟೆ ಹೇಳಿದೆ. ಮೂವತ್ತೊಂದು ವರ್ಷ ತಡವಾದ ಪಾಠ. ಕಾರ್ಡುಗಳನ್ನು ಕಿತ್ತುಕೊಂಡದ್ದಕ್ಕೆ ಬೇಸರ ಮಾಡಿಕೊಳ್ಳಬೇಡವೆಂದೂ ಹೇಳಿದೆ. “ಅಯ್ಯೋ ಬಿಡಿ ಸಾರ್, ಆ ಕಟ್ಟು ಈಗಲೂ ಇದೆ” ಎಂದ. ಸೀನಾನ ಸೋಲಿನ ಬಗ್ಗೆ ಮಾತ್ರ ಅವನಿಗೆ ಸಮಾಧಾನವಾಗಲಿಲ್ಲ. ಇಪ್ಪತ್ತು ವರ್ಷ ‘ಎಂದಿಗೂ ಬಿಟ್ಟುಕೊಡಬೇಡ’ ಎಂದು ಹೇಳಿಕೊಂಡು ಬಂದವನಿಂದ ಕೈ ತಟ್ಟಿಸಬಾರದಾಗಿತ್ತು, ಬೆನ್ನು ನೆಲಕ್ಕೆ ಮುಟ್ಟಿ ಸೋತಿದ್ದರೆ ಒಪ್ಪಬಹುದಿತ್ತು ಎಂಬುದು ಅವನ ವಾದ. ಯೋಚಿಸಿ ನೋಡಿದರೆ ಅದರಲ್ಲಿ ಹುರುಳಿದೆ. ಗ್ರಂಥವಿಮರ್ಶೆ ಎಂದು ನಾವು ಕರೆಯುವುದೂ ಸುಮಾರಾಗಿ ಇದನ್ನೇ.

ಮಾತು ಮುಗಿಸುವ ಮುನ್ನ ಒಂದು ಚಲನಚಿತ್ರದ ಹೆಸರು ಹೇಳಿದೆ. ‘ನೈಟ್ ಅಂಡ್ ದ ಸಿಟಿ’, 1950ರದು, ಜೂಲ್ಸ್ ಡ್ಯಾಸಿನ್ ನಿರ್ದೇಶನ. ಅದರಲ್ಲಿ ಗ್ರೆಗೋರಿಯಸ್ ಎಂಬ ವೃದ್ಧ ಮಲ್ಲನೊಬ್ಬ ಬರುತ್ತಾನೆ. ಪ್ರದರ್ಶನದ ಕುಸ್ತಿಯನ್ನು ಕಂಡರೆ ಅವನಿಗೆ ಹೇಸಿಗೆ. ಹಳೆಯ ಶುದ್ಧ ಕುಸ್ತಿಯೇ ಕುಸ್ತಿ ಎಂದು ನಂಬಿದವನು. ಕೊನೆಗೆ ಒಬ್ಬ ಪ್ರದರ್ಶನದ ಮಲ್ಲನೊಡನೆ ಖಾಲಿ ಅಖಾಡದಲ್ಲಿ ಜಗಳ ಹತ್ತಿ, ಯಾರೂ ಬರೆದುಕೊಡದ ಕುಸ್ತಿ ನಡೆದುಹೋಗುತ್ತದೆ. ಮುದುಕ ಅವನನ್ನು ಬಿಗಿಹಿಡಿದು ಮಣಿಸುತ್ತಾನೆ, ಆ ದಣಿವಿನಲ್ಲಿಯೇ ಪ್ರಾಣ ಬಿಡುತ್ತಾನೆ. ಆ ಪಾತ್ರವನ್ನು ಮಾಡಿದವನು ಎಪ್ಪತ್ತರ ಅಂಚಿನಲ್ಲಿದ್ದ ಸ್ಟಾನಿಸ್ಲಾಸ್ ಜಿಬಿಸ್ಕೊ. ಅವನು ಆಮೇಲೂ ಹದಿನೇಳು ವರ್ಷ ಬದುಕಿ 1967ರಲ್ಲಿ ಅಮೆರಿಕದಲ್ಲಿ ತೀರಿಕೊಂಡ.

ಅಂದು ರಾತ್ರಿ ಒಂದು ಗಂಟೆಗೆ ನನ್ನ ಫೋನಿಗೆ ಅವನಿಂದ ಒಂದು ಸಂದೇಶ ಬಂದಿತ್ತು. ಬೆಳಿಗ್ಗೆ ಎದ್ದು ನೋಡಿದೆ. ಮಗಳನ್ನೂ ಕೂರಿಸಿಕೊಂಡು ಚಿತ್ರ ನೋಡಿದ್ದನಂತೆ. ಕೊನೆಯ ಸಾಲು ಇಷ್ಟೇ: “ಮುದುಕ ಗೆದ್ದ ಸಾರ್.”